ಹೆಸರಿನ ಒಡೆತನ

ಹೆಸರು ಯಾರ ಸ್ವತ್ತು? ಹೆತ್ತವರು ಇಟ್ಟದ್ದು, ಊರವರು ಕರೆದದ್ದು. ಆದರೂ ಅದು ತನ್ನದೆಂದೇ ಮನುಷ್ಯನ ನಂಬಿಕೆ. ಅಮೆರಿಕದ ಬೇಸ್‌ಬಾಲ್ ವಿಡಿಯೋ ಆಟವಾಗಿ ಮನೆಯ ಟಿ.ವಿ. ಪರದೆಯನ್ನೇರಿದಾಗ ಈ ಪ್ರಶ್ನೆ ವಿಚಿತ್ರವಾದೊಂದು ರೂಪ ತಾಳಿತು.

ಅಲ್ಲಿ ತಂಡಗಳ ಹೆಸರು ಮತ್ತು ಲಾಂಛನಗಳ ಹಕ್ಕು ಒಡೆಯರ ಪಕ್ಷದ ಮೇಜರ್ ಲೀಗ್‌ಗೆ ಸೇರಿದ್ದು. ಆಟಗಾರರ ಹೆಸರುಗಳನ್ನು ಒಟ್ಟಾಗಿ ಬಳಸಲು ಅನುಮತಿ ಕೊಡತಕ್ಕದ್ದು ಆಟಗಾರರ ಸಂಘ. ೧೯೬೬ರಲ್ಲಿ ಮಾರ್ವಿನ್ ಮಿಲ್ಲರ್ ಸಂಘದ ಚುಕ್ಕಾಣಿ ಹಿಡಿದ ಮೇಲೆ ಈ ಸಾಮೂಹಿಕ ಪರವಾನಗಿಯ ಪದ್ಧತಿ ಬೇರೂರಿತು. ಹೀಗಾಗಿ ಒಂದೇ ಅಂಗಳಕ್ಕೆ ಎರಡು ಬಾಗಿಲು, ಇಬ್ಬರು ಕಾವಲುಗಾರರು.

೧೯೮೮ರಲ್ಲಿ ಟೆಂಜೆನ್ ಸಂಸ್ಥೆ ಹೊರತಂದ 'ಆರ್.ಬಿ.ಐ. ಬೇಸ್‌ಬಾಲ್' ಸಂಘದ ಬಾಗಿಲನ್ನಷ್ಟೇ ದಾಟಿ ಬಂತು. ಆಟಗಾರರ ಹೆಸರುಗಳೆಲ್ಲ ನಿಜ. ತಂಡಗಳಿಗೆ ಮಾತ್ರ ಬರಿಯ ಊರಿನ ಹೆಸರೇ ಗತಿ. ೧೯೯೪ರಲ್ಲಿ ನಿಂಟೆಂಡೊ ಪ್ರಕಟಿಸಿದ 'ಕೆನ್ ಗ್ರಿಫಿ ಜೂನಿಯರ್ ಪ್ರೆಸೆಂಟ್ಸ್ ಮೇಜರ್ ಲೀಗ್ ಬೇಸ್‌ಬಾಲ್' ಇದಕ್ಕೆ ತದ್ವಿರುದ್ಧ. ತಂಡಗಳು ನಿಜ, ಆಟಗಾರರ ಅಂಕಿಅಂಶಗಳೂ ನಿಜ. ಹೆಸರುಗಳು ಮಾತ್ರ ಕಲ್ಪಿತ. ನಿಜನಾಮ ಉಳಿದದ್ದು ಗ್ರಿಫಿಯೊಬ್ಬನಿಗೆ. ಆತ ಸಿಯಾಟಲ್ ಮರೀನರ್ಸ್ ತಂಡದ ತಾರೆ; ೧೯೯೨ರಲ್ಲಿ ಆ ತಂಡವನ್ನು ಕೊಂಡ ಕೂಟಕ್ಕೆ ಮುಖ್ಯ ಬಂಡವಾಳ ಹೂಡಿದವರು ನಿಂಟೆಂಡೊದ ಅಧ್ಯಕ್ಷ ಹಿರೋಶಿ ಯಮಾಉಚಿ. ತನ್ನೊಬ್ಬನ ಹೆಸರನ್ನು ಆಟಗಾರ ಸ್ವಂತ ಒಪ್ಪಂದದಿಂದ ಕೊಡಬಹುದಿತ್ತು, ಸಹೋದ್ಯೋಗಿಗಳ ಹೆಸರನ್ನಲ್ಲ.

ದುಡಿಮೆಯ ಫಲ ಉಳಿದು ದುಡಿದವನ ಹೆಸರು ಅಳಿಯುವುದು ಚರಿತ್ರೆಯಲ್ಲಿ ಹೊಸತಲ್ಲ. ಆದರೆ ಇಲ್ಲಿಯದು ಆ ಬಗೆಯ ಅಳಿವೆ? ಅದೇ ವರ್ಷ ಆಗಸ್ಟ್ ೧೨ರಂದು, ವೇತನಕ್ಕೆ ಮಿತಿ ಹೇರಬಯಸಿದ ಒಡೆಯರನ್ನು ವಿರೋಧಿಸಿ ಆಟಗಾರರು ಮುಷ್ಕರ ಹೂಡಿದರು. ಗ್ರಿಫಿಯ ಹೋಂ ರನ್‌ಗಳು ೪೦ಕ್ಕೆ ನಿಂತವು. ೧೯೦೪ರ ತರುವಾಯ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಮೈದಾನಕ್ಕಿಳಿಯದಿರುವ ಶಕ್ತಿಯೂ, ಅನುಮತಿಯಿಲ್ಲದೆ ತಮ್ಮ ಹೆಸರು ಮಾರಾಟವಾಗದಂತೆ ತಡೆಯುವ ಶಕ್ತಿಯೂ ಒಂದೇ ಬೇರಿನಿಂದ ಚಿಗುರಿದವು. ಗುಲಾಮನ ಹೆಸರನ್ನು ಯಜಮಾನ ಅಳಿಸುತ್ತಾನೆ. ಸ್ವತಂತ್ರನಾದವನು ತನ್ನ ಹೆಸರನ್ನು ತಾನೇ ಕೊಡದೆ ಇರಬಲ್ಲ. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಅಭಾವ. ಅರ್ಥ ಮಾತ್ರ ಬೇರೆ.

ಆ ಆಟದಲ್ಲಿ ಹೆಸರುಗಳನ್ನು ತಿದ್ದಲು ಅವಕಾಶವಿತ್ತು. ಅಂಕಿಗಳಿಂದಲೇ ಆಟಗಾರನನ್ನು ಗುರುತಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಅಭಿಮಾನಿಗಳು ನಿಜನಾಮಗಳನ್ನು ಮರಳಿ ಬರೆದುಕೊಂಡರು. ಕಾನೂನು ಹೆಸರಿನ ಒಡೆಯನನ್ನು ಹೇಳೀತು. ಹೆಸರನ್ನು ಬಾಳಿಸುವವರು ಅದನ್ನು ನೆನಪಿಟ್ಟುಕೊಂಡವರೇ.