ತುಂಗಭದ್ರೆಯಲ್ಲಿ ಮೀನಿನ ಲೆಕ್ಕ

ಹಂಪಿ ನೋಡಲು ಹೋದವರು ಹೊತ್ತು ಉಳಿದರೆ ಹೊಸಪೇಟೆಯ ಅಣೆಕಟ್ಟನ್ನೂ ನೋಡಿ ಬರುವುದು ವಾಡಿಕೆ. ಅಲ್ಲಿ ಕಿವಿಗೆ ಬೀಳುವ ಅಂಕಿಗಳು ನಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿವೆ. 1945ರ ಫೆಬ್ರವರಿಯಲ್ಲಿ ಹೈದರಾಬಾದಿನವರು ಒಂದು ದಡದಲ್ಲಿ, ಮದರಾಸಿನವರು ಇನ್ನೊಂದು ದಡದಲ್ಲಿ ಅಡಿಗಲ್ಲಿಟ್ಟರು, 1953ರಲ್ಲಿ ಕಾಲುವೆಗೆ ನೀರು ಹರಿಯಿತು, ಗೇಟುಗಳು 33, ಹಿನ್ನೀರಿನ ಹರವು ಸುಮಾರು 378 ಚದರ ಕಿಲೋಮೀಟರು. ಕಟ್ಟಿದಾಗ 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಳೆಗಾಲ ಬಂದಿತೆಂದರೆ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ಪತ್ರಿಕೆಗಳು ದಿನವೂ ತಿಳಿಸುತ್ತವೆ. ನೀರಿನ ಒಂದೊಂದು ಕ್ಯೂಸೆಕ್ಕಿಗೂ ಲೆಕ್ಕವುಂಟು. ಆ ನೀರಿನ ಜೊತೆಗೆ ಹೊರಟುಹೋಗುವ ಜೀವಿಗಳಿಗೆ ಮಾತ್ರ ಆ ಪಟ್ಟಿಯಲ್ಲಿ ಒಂದು ಕಾಲಂ ಇಲ್ಲ.

ಹಾಗೆಂದು ಅವನ್ನು ಎಣಿಸಬೇಕೆಂಬ ಯೋಚನೆ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. ಅದಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಫ್ರಾನ್ಸಿಸ್ ಡೇ ಎಂಬ ಇಂಗ್ಲಿಷ್ ವೈದ್ಯನೊಬ್ಬ ಮದರಾಸಿನ ಸೈನ್ಯದಲ್ಲಿದ್ದವನು. ಮೀನುಗಳ ಹುಚ್ಚು ಹಿಡಿಸಿಕೊಂಡು ಕೊನೆಗೆ ಹಿಂದೂಸ್ಥಾನದ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆದನು. 1873ರಲ್ಲಿ ಅವನು ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಅಣೆಕಟ್ಟುಗಳ ಮೇಲೆ ದೊಡ್ಡ ದೂರೇ ಇದೆ. ಮೊಟ್ಟೆಯಿಡಲು ನದಿಯೇರುವ ಮೀನಿಗೆ ಕಟ್ಟೆ ಅಡ್ಡವಾಗುತ್ತದೆ. ಮರಿಗಳು ಕಾಲುವೆಯ ಪಾಲಾಗಿ ಗದ್ದೆಯಲ್ಲಿ ಸಾಯುತ್ತವೆ. ಆದುದರಿಂದ ಕಟ್ಟೆಗಳಲ್ಲಿ ಮೀನಿಗೊಂದು ದಾರಿ ಬಿಡಿ ಎಂದು ಅವನ ವಾದ. ವರದಿಯ ಗತಿ ವರದಿಗಳ ಗತಿಯೇ ಆಯಿತು. 1897ರಲ್ಲಿ ಮೀನುಗಾರಿಕೆಯ ಶಾಸನ ಬಂದಾಗ ಅದು ಮುಖ್ಯವಾಗಿ ಹಿಡಿದುದು ನೀರಿಗೆ ವಿಷ ಹಾಕುವವನನ್ನು, ಸಿಡಿಮದ್ದು ಹಾರಿಸುವವನನ್ನು, ಸಣ್ಣ ಕಣ್ಣಿನ ಬಲೆ ಬೀಸುವವನನ್ನು. ಆ ಶಾಸನದಲ್ಲಿ ‘ಸ್ಥಿರ ಯಂತ್ರ’ ಎಂಬ ಮಾತು ಬರುತ್ತದೆ. ಓದಿದವರಿಗೆ ವಿದ್ಯುದಾಗಾರವೇ ನೆನಪಾಗಬಹುದು. ಅದರ ಅರ್ಥ ನೆಲಕ್ಕೆ ನೆಟ್ಟ ಬಲೆ, ಬೋನು, ಇಷ್ಟೇ!

ವಿಜಯನಗರದವರೂ ಈ ನದಿಗೆ ಕಟ್ಟೆ ಕಟ್ಟಿದ್ದರಲ್ಲ ಎಂದು ಕೇಳಬಹುದು. ಕಟ್ಟಿದ್ದರು. 1521ರ ಹೊತ್ತಿಗೆ ಕೃಷ್ಣದೇವರಾಯನ ಕಾಲದಲ್ಲಾದ ಬಸವಣ್ಣ ಕಾಲುವೆ ಇಂದಿಗೂ ಹರಿಯುತ್ತಿದೆ. ಹಂಪಿಯ ಕಣಿವೆಯ ಬಾಳೆತೋಟಗಳಿಗೆ ತುರ್ತಾ ಕಾಲುವೆಯ ನೀರು ಇಂದಿಗೂ ಹೋಗುತ್ತಿದೆ. ಆದರೆ ಆ ಕಟ್ಟೆಗಳು ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿದ ತಗ್ಗು ಗೋಡೆಗಳು. ಪ್ರವಾಹ ಬಂದರೆ ನದಿ ಅವುಗಳ ತಲೆಯ ಮೇಲೆಯೇ ಹಾಯುತ್ತಿತ್ತು. ನೀರು ಏರಿದಾಗಲೇ ಮೀನೂ ಏರುವುದು; ಆ ಹೊತ್ತಿನಲ್ಲಿ ಕಟ್ಟೆ ಮುಳುಗಿರುತ್ತಿತ್ತು. ಸುಮಾರು 49 ಮೀಟರ್ ಎತ್ತರದ ಗೋಡೆಯ ಮಾತು ಬೇರೆ.

ಗೋಡೆಗಿಂತ ನನಗೆ ಕುತೂಹಲ ಹುಟ್ಟಿಸಿದುದು ಬಲದಂಡೆಯ ನೀರಿನ ಹಾದಿ. 1957ರಿಂದೀಚೆಗೆ ಇಲ್ಲಿ ವಿದ್ಯುತ್ತು ಹುಟ್ಟುತ್ತಿದೆ. ಅಣೆಕಟ್ಟಿನ ಬುಡದ ವಿದ್ಯುದಾಗಾರದ ಶಕ್ತಿ 72 ಮೆಗಾವಾಟ್. ಅಲ್ಲಿಂದ ಹೊರಟ ನೀರು ಸುಮಾರು 22 ಕಿಲೋಮೀಟರ್ ಕಾಲುವೆಯಲ್ಲಿ ಸಾಗಿ ಹಂಪಿಯ ವಿದ್ಯುದಾಗಾರದಲ್ಲಿ ಮತ್ತೊಮ್ಮೆ ಧುಮುಕಿ 36 ಮೆಗಾವಾಟ್ ಕೊಟ್ಟು, ಮುಂದೆ ಹೊಲಗಳಿಗೆ ಹೋಗುತ್ತದೆ. ಒಂದೇ ನೀರಿನಿಂದ ಎರಡು ಸಲ ದುಡಿಸಿಕೊಂಡ ಎಂಜಿನಿಯರುಗಳ ಜಾಣ್ಮೆಯನ್ನು ಮೆಚ್ಚಲೇಬೇಕು. ಆ ನೀರಿನಲ್ಲಿರುವ ಮೀನುಮರಿಯೂ ಎರಡು ಸಲ ಟರ್ಬೈನು ಹಾಯಬೇಕು!

ಅಲ್ಲಿ ಅದಕ್ಕೆ ಏನಾಗುತ್ತದೆ? ನೀರು ಸೆಳೆಯುವ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಇರುತ್ತದೆ. ಅದು ಮರದ ದಿಮ್ಮಿ, ಕಸಕಡ್ಡಿಗಳನ್ನು ತಡೆಯಲು ಹಾಕಿದ್ದು. ಸೆಳೆತ ಜೋರಾಗಿದ್ದರೆ ದೊಡ್ಡ ಮೀನು ಜಾಲರಿಗೆ ಒತ್ತಿಕೊಂಡು ಬಿಡಿಸಿಕೊಳ್ಳಲಾರದೆ ಹೋಗಬಹುದು. ಚಿಕ್ಕದು ಒಳಗೆ ಹೋಗುತ್ತದೆ. ಟರ್ಬೈನಿನ ಅಲಗು ತಗಲದಿದ್ದರೂ, ಒತ್ತಡ ಕ್ಷಣದಲ್ಲಿ ಕುಸಿಯುವುದರಿಂದ ಮೀನಿನ ಹೊಟ್ಟೆಯ ಗಾಳಿಚೀಲ ಉಬ್ಬಿ ಒಡೆಯಬಹುದು. ಇನ್ನು ಮೊಟ್ಟೆ, ಆಗತಾನೆ ಒಡೆದ ಮರಿ, ಹಾಗೂ ಪ್ಲಾಂಕ್ಟನ್ ಎಂದು ಕರೆಯುವ ತೇಲುವ ಸೂಕ್ಷ್ಮ ಸಸ್ಯಪ್ರಾಣಿಗಳಿಗೆ ಜಾಲರಿ ಇದ್ದೂ ಇಲ್ಲದಂತೆ. ಈಜುವ ಶಕ್ತಿಯಿಲ್ಲದ ಅವು ನೀರು ಹೋದ ಕಡೆ ಹೋಗುತ್ತವೆ.

ಅವುಗಳ ಎಣಿಕೆ ತುಂಗಭದ್ರೆಯಲ್ಲಿ ನಡೆದುದುಂಟು. ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಲಾಶಯ ಹೊಸದಾಗಿದ್ದ ಕಾಲದಲ್ಲೇ ಇಲ್ಲಿ ಕೆಲಸ ಮಾಡಿದರು. ಬಿ. ವಿ. ಗೋವಿಂದ್ ಅವರು ಇಲ್ಲಿಯ ಪ್ಲಾಂಕ್ಟನ್ ಕುರಿತ ಮೊದಲ ಬರಹವನ್ನು 1963ರಲ್ಲಿ ಪ್ರಕಟಿಸಿದರು. ಎ. ಡೇವಿಡ್ ಮತ್ತು ಸಂಗಡಿಗರ ವಿಸ್ತಾರವಾದ ವರದಿ 1969ರಲ್ಲಿ ಹೊರಬಂದಿತು. ನವಿರಾದ ಬಟ್ಟೆಯ ಬಲೆಯಿಂದ ನೀರನ್ನು ಸೋಸಿ, ಉಳಿದುದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಒಂದೊಂದಾಗಿ ಎಣಿಸುವ ಕೆಲಸ ಅದು. ಮಾಡಿದವರ ತಾಳ್ಮೆಗೆ ನಮಸ್ಕಾರ.

ಈ ಜಲಾಶಯದಲ್ಲಿ ಎಣಿಕೆಗೆ ಒಂದು ವಿಶೇಷ ಅರ್ಥವಿದೆ. ಕೃಷ್ಣಾ ನ್ಯಾಯಮಂಡಲಿ ತುಂಗಭದ್ರಾ ಯೋಜನೆಗೆ ವರ್ಷಕ್ಕೆ 230 ಟಿ.ಎಂ.ಸಿ. ಲೆಕ್ಕ ಹಾಕಿತು. ಜಲಾಶಯ ಹಿಡಿಯುವುದು 105. ಅಂದರೆ ಕಾಲುವೆ, ವಿದ್ಯುತ್ತುಗಳ ಪಾಲೇ ತೊಟ್ಟಿಯ ಎರಡರಷ್ಟು. ಹೆಚ್ಚಾಗಿ ಗೇಟು ದಾಟುವುದು ಬೇರೆ. ಬೇಸಿಗೆಗೆ ತಳ ಕಾಣುವಂತೆ ಇಳಿಯುವುದೂ ಉಂಟು. ಹೀಗೆ ತುಂಬಿ ಬರಿದಾಗುವ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆಯಲು ಬಿಡುವೆಲ್ಲಿ? ಅದನ್ನು ತಿಂದು ಬದುಕುವ ಮೀನಿಗೆ ಊಟವೆಲ್ಲಿ? ಇನ್ನೊಂದು ವಿಷಯ: ಇಲ್ಲಿಯ ಮೀನು ಮೊಟ್ಟೆಯಿಡುವುದು ಮುಂಗಾರಿನ ಹೊಸ ನೀರಿನಲ್ಲಿ. ರೈತರಿಗೆ ಕಾಲುವೆಯ ನೀರು ಬೇಕಾಗುವುದೂ ಅದೇ ಜುಲೈ ತಿಂಗಳಿನಲ್ಲಿ. ಮರಿಗಳು ಅತ್ಯಂತ ಎಳೆಯವಾಗಿರುವಾಗಲೇ ಸೆಳೆತ ಶುರುವಾಗುತ್ತದೆ.

ಕಂಪ್ಲಿಯಲ್ಲಿ ಹರಿಗೋಲಿನ ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರನ್ನು “ತಾತಾ, ಮೀನು ಕಡಿಮೆಯಾಗಿದೆಯೇ?” ಎಂದು ಕೇಳಿದೆ. “ಮೀನು ಎಲ್ಲಿ ಹೋದಾವ್ರೀ ಸ್ವಾಮಿ? ನೀರು ಹೋದಲ್ಲಿ ಹೋಗ್ಯಾವ. ಕಾಲಿವಿ ಬಂದ್ ಮಾಡಿದಾಗ ಬರ್ರಿ, ತಗ್ಗಿನ್ಯಾಗ ಹುಡುಗ್ರು ಕೈಲೇ ಹಿಡೀತಾವ” ಎಂದರು. ಫ್ರಾನ್ಸಿಸ್ ಡೇ ಬರೆದುದೂ ಹೆಚ್ಚುಕಡಿಮೆ ಇದನ್ನೇ.

ಪುಂಟಿಯಸ್ ಪಲ್ಕೆಲ್ಲಸ್ ಎಂಬ, ಹುಲ್ಲು ಮೇಯುವ ಈ ನಾಡಿನ ದೊಡ್ಡ ಮೀನು ಈಗ ಅಪರೂಪ. ಅದಕ್ಕೆ ಕಾಲುವೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಹೂಳು, ಅತಿಯಾದ ಬೇಟೆ, ಹೊರಗಿನ ತಳಿಗಳು ಎಲ್ಲವೂ ಸೇರಿರಬಹುದು. ಯಾವುದು ಎಷ್ಟು ಎಂದು ಹೇಳಬೇಕಾದರೆ ವರ್ಷ ವರ್ಷದ ಎಣಿಕೆ ಬೇಕು.

ಅಮೆರಿಕದ ಹಡ್ಸನ್ ನದಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿಯ ವಿದ್ಯುತ್ ಸ್ಥಾವರಗಳು ಯಂತ್ರ ತಂಪಾಗಿಸಲು ನದಿಯನ್ನು ಹೀರುತ್ತಿದ್ದವು. ಮೀನುಗಾರರೂ ನದೀತೀರದವರೂ ವರ್ಷಗಟ್ಟಲೆ ವ್ಯಾಜ್ಯವಾಡಿದರು. 1972ರ ಜಲಶಾಸನ, ನೀರು ಸೆಳೆಯುವ ಬಾಯಿಗಳಿಂದ ಜೀವಿಗಳಿಗಾಗುವ ಹಾನಿಯನ್ನು ಆದಷ್ಟು ತಗ್ಗಿಸಬೇಕೆಂದು ಹೇಳಿತು. 1980ರ ಡಿಸೆಂಬರಿನಲ್ಲಿ ರಾಜಿಯಾಯಿತು: ಮೀನು ಮರಿಯಾಗುವ ಮೇ-ಜುಲೈ ತಿಂಗಳುಗಳಲ್ಲಿ ಕಂಪೆನಿಗಳು ಕೆಲವು ಘಟಕಗಳನ್ನು ನಿಲ್ಲಿಸಬೇಕು, ನದಿಯ ಮೀನುಗಳನ್ನು ಎಣಿಸುತ್ತಿರಬೇಕು. ಎರಡೂ ಕಡೆಯವರು ಕೈಯಲ್ಲಿ ಅಂಕಿ ಹಿಡಿದು ಕುಳಿತುದರಿಂದಲೇ ಮಾತು ಮುಂದುವರಿಯಿತೆಂದು ನನಗೆ ತೋರುತ್ತದೆ.

ನಮ್ಮಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿಯೂ ಅದರಾಚೆಯ ಕುಡಿತಿನಿಯಲ್ಲಿಯೂ ಉಷ್ಣ ವಿದ್ಯುತ್ ಸ್ಥಾವರಗಳು ತಲೆಯೆತ್ತಿವೆ. ಇವುಗಳಿಗೆ ತಂಪುಗೋಪುರಗಳಿವೆ, ಒಮ್ಮೆ ತಂದ ನೀರೇ ಸುತ್ತಿ ಸುತ್ತಿ ಬರುವುದರಿಂದ ಸೆಳೆತ ಬಹಳ ಕಡಿಮೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹಳೆಯ ಸ್ಥಾವರಗಳಿಗೂ ಗೋಪುರ ಕಟ್ಟಿಸಿ ಎಂದು ಅಪ್ಪಣೆ ಮಾಡಿತು. ಅದರಲ್ಲಿಯೂ ಮಿತಿ ಹೇಳಿದುದು ಒಂದು ಮೆಗಾವಾಟ್-ಗಂಟೆಗೆ ಇಷ್ಟು ಘನಮೀಟರ್ ನೀರು ಎಂದು. ಮೀನಿಗೆ ಒಳಿತಾದರೆ ಅದು ನೀರಿನ ಲೆಕ್ಕದ ನೆರಳಿನಲ್ಲಿ ಆದುದು.

2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದಾಗ ನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ವಾರದೊಳಗೆ ತಾತ್ಕಾಲಿಕ ಹಲಗೆ ಇಳಿಸಿ ನೀರು ನಿಲ್ಲಿಸಿದ ಕೆಲಸಗಾರರು ನಿಜವಾಗಿಯೂ ಶೂರರು. ಎಷ್ಟು ಟಿ.ಎಂ.ಸಿ. ಪೋಲಾಯಿತೆಂದು ಪ್ರತಿ ಬೆಳಿಗ್ಗೆ ಓದುತ್ತಿದ್ದೆ. ಮೀನಿನ ಸುದ್ದಿ ನಾನು ಓದಿದ ಪತ್ರಿಕೆಗಳಲ್ಲಿ ಕಾಣಲಿಲ್ಲ.

ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ರಾಜ್ಯ ಸರಕಾರ ಸಾರಿತು. ನೀರುನಾಯಿಯ ಮುಖ್ಯ ಆಹಾರ ಮೀನು. ಬಂಡೆಗಳ ನಡುವೆ ಅದು ಹಿಡಿಯುವ ಮೀನು ಮೇಲಿನಿಂದ ಎಷ್ಟು ಬರುತ್ತದೆ, ಅದೇ ದಡಕ್ಕೆ ಸಮೀಪದಲ್ಲಿ ಹರಿಯುವ ಕಾಲುವೆಯಲ್ಲಿ ಎಷ್ಟು ಸಾಗಿಹೋಗುತ್ತದೆ ಎಂಬುದನ್ನು ತಿಳಿಯಲು ದೊಡ್ಡ ಹಣವೇನೂ ಬೇಡ. ಜುಲೈಯಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಕ್ಕೊಮ್ಮೆ ಎರಡು ವಿದ್ಯುದಾಗಾರಗಳ ಮೇಲೂ ಕೆಳಗೂ ಒಂದು ಬಲೆ, ಒಂದು ಸೂಕ್ಷ್ಮದರ್ಶಕ, ಎಣಿಸಲು ಇಬ್ಬರು, ಬರೆದಿಡಲು ಒಂದು ಪುಸ್ತಕ. ಹೋಲಿಸಿ ನೋಡಲು 1969ರ ವರದಿ ಹೇಗೂ ಇದೆ.