ಮಿರಜಿನ ತಂಬೂರಿಯೂ ಒಂದು ಕಹಿ ಸೋರೆಯೂ

ಮಿರಜ್ ಎಂದರೆ ನಮ್ಮಲ್ಲಿ ಕೆಲವರಿಗೆ ಖ್ವಾಜಾ ಶಮ್ನಾ ಮೀರಾ ಸಾಹೇಬರ ದರ್ಗಾ, ಇನ್ನು ಕೆಲವರಿಗೆ ಆಸ್ಪತ್ರೆಗಳ ಊರು. ಸಾಂಗ್ಲಿ ಜಿಲ್ಲೆಯ ಈ ಊರಿನ ಮುಸ್ಲಿಂ ಕುಶಲಕರ್ಮಿಗಳಿಗೆ ಇನ್ನೊಂದು ಚರಿತ್ರೆಯೂ ಇದೆ.

ಇಲ್ಲಿನ ಶಿಕಲ್‌ಗಾರರು ಮೊದಲು ಆಯುಧ ಮಾಡಿ ಸಾಣೆ ಹಿಡಿಯುತ್ತಿದ್ದವರು. ಬ್ರಿಟಿಷರ ಕಾಲದಲ್ಲಿ ಆಯುಧದ ಬೇಡಿಕೆ ಕುಸಿಯಿತು. 19ನೇ ಶತಮಾನದಲ್ಲಿ ಫರೀದ್‌ಸಾಹೇಬರು ತಂತಿವಾದ್ಯಗಳ ಕೆಲಸಕ್ಕೆ ಇಳಿದರು. ಮುಂದಿನ ತಲೆಮಾರುಗಳು ಅದನ್ನೇ ಹಿಡಿದುಕೊಂಡವು. ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಮಿರಜಿನಲ್ಲಿ ನೆಲೆಸಿದ್ದು ಈ ಕಸುಬಿಗೂ ಬಲವಾಯಿತು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಜಿಐ ಮಾನ್ಯತೆ ಸಿಕ್ಕಿತು.

ಆದರೆ ತಂಬೂರಿ ಬರೀ ಕೈಚಳಕದಿಂದ ಹುಟ್ಟುವುದಿಲ್ಲ. ಅದರ ಬುರುಡೆ ಮಂಗಳವೇಢೆಯ ಹೊಲಗಳಿಂದ ಬರುತ್ತದೆ, ಮರ ಕರ್ನಾಟಕದ ಕಾಡುಗಳಿಂದ. ತಂತಿ ಕೂರುವ ಕುದುರೆಗೆ ಹಿಂದೆ ಆನೆಯ ದಂತ, ಜಿಂಕೆ ಜಾತಿಯ ಪ್ರಾಣಿಗಳ ಕೊಂಬು ಬಳಸುವುದಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1986ರ ತಿದ್ದುಪಡಿ ಭಾರತದ ದಂತದ ವ್ಯಾಪಾರವನ್ನೂ, 1991ರದ್ದು ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ವಾದ್ಯ ಮಾಡುವವರು ಒಂಟೆಯ ಮೂಳೆ, ಕರಿಮರ, ಫೈಬರ್ ಕಡೆಗೆ ಹೊರಳಿದರು. ಸಂಗೀತವೇನೂ ನಿಲ್ಲಲಿಲ್ಲ. ಪ್ರಾಣಿಯನ್ನು ಉಳಿಸಿದರೆ ಕಸುಬು ಹಾಳಾಗುತ್ತದೆ ಎನ್ನುವವರಿಗೆ ಇದೇ ಉತ್ತರ.

ಬುರುಡೆಯ ಕಥೆ ಬೇರೆ. ದಪ್ಪ ಸಿಪ್ಪೆಯ ಈ ಕಹಿ ಸೋರೆ ಅಡುಗೆಗೆ ಬಾರದು. ವಾದ್ಯದವರು ಕೊಳ್ಳುತ್ತಾರೆಂದೇ ರೈತರು ಬೆಳೆಯುತ್ತಾರೆ. ಸೋರೆಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆ. ಬಿಳಿ ಹೂವು ಅರಳುವುದು ಸಂಜೆಗೆ. ಪರಾಗ ಹೊರುವುದು ಪತಂಗ, ಜೇನ್ನೊಣಗಳಂಥ ಕೀಟಗಳು. ವಿಷ ಸಿಂಪಡಿಸಿ ಕೀಟಗಳನ್ನು ಕೊಂದರೆ ಕಾಯಿ ಕಟ್ಟುವುದಿಲ್ಲ. ರೈತ ಬೇರೆ ಬೆಳೆಗೆ ಹೋದರೆ ಬೀಜವೇ ಕಳೆದುಹೋಗುತ್ತದೆ. ಆನೆಗೆ ಕಾಯ್ದೆಯ ಕಾವಲಿದೆ. ಇಂಥ ಬೀಜಕ್ಕೆ ಬಿತ್ತುವವನೇ ಕಾವಲು.

ಹಾಗಾಗಿ ಜೀವವೈವಿಧ್ಯ ಉಳಿಸುವುದೆಂದರೆ ಅಭಯಾರಣ್ಯಕ್ಕೆ ಬೇಲಿ ಹಾಕುವುದಷ್ಟೇ ಅಲ್ಲ. ಬುರುಡೆಗೆ ನ್ಯಾಯವಾದ ಬೆಲೆ ಸಿಗಬೇಕು, ಪ್ರತಿ ವರ್ಷ ಬೀಜ ಎತ್ತಿಡಬೇಕು, ಹೂ ಬಿಡುವ ಹೊತ್ತಿನಲ್ಲಿ ವಿಷ ಸಿಂಪಡಿಸಬಾರದು, ಕಡಿದ ಮರಕ್ಕೆ ಬದಲಾಗಿ ಸಸಿ ನೆಡಬೇಕು.

ಮರದ ವ್ಯಾಪಾರ ನಮ್ಮ ಬ್ಯಾರಿ ಮನೆಗಳಿಗೆ ಹೊಸತಲ್ಲ. ಕಾಡು ಬರಿದಾದರೆ ಅಂಗಡಿಯೂ ಬರಿದು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜನ ಕಾಲದಲ್ಲಿ ಹಿತ್ತಿಲಲ್ಲಿದ್ದು ಈಗ ಕಾಣದ ತರಕಾರಿ, ಹಣ್ಣು, ಮರ ಯಾವುವೆಂದು ಮನೆಯ ಹಿರಿಯರನ್ನು ಕೇಳಿ. ಅವುಗಳ ಬೀಜ ಯಾರಲ್ಲಾದರೂ ಉಳಿದಿದ್ದರೆ ಈ ಮಳೆಗಾಲಕ್ಕೇ ಬಿತ್ತಿ.