ಅಮೆರಿಕದ ಹಳೆಯ ಕಾರು ವಿನಿಮಯ ಯೋಜನೆ (2009)

ಹೆಚ್ಚು ಇಂಧನ ಕುಡಿಯುವ ಹಳೆಯ ಕಾರನ್ನು ಗುಜರಿಗೆ ಹಾಕಿ, ಹೆಚ್ಚು ಮೈಲೇಜ್ ಕೊಡುವ ಹೊಸ ಕಾರು ಕೊಳ್ಳುವವರಿಗೆ ಅಮೆರಿಕದ ಒಕ್ಕೂಟ ಸರ್ಕಾರ 2009ರಲ್ಲಿ ಸಹಾಯಧನ ನೀಡಿದ ಯೋಜನೆ. ಅಧಿಕೃತ ಹೆಸರು ‘ಕಾರ್ ಅಲೊವೆನ್ಸ್ ರಿಬೇಟ್ ಸಿಸ್ಟಮ್’. ಜನರ ಬಾಯಲ್ಲಿ ಉಳಿದದ್ದು ‘ಕ್ಯಾಶ್ ಫಾರ್ ಕ್ಲಂಕರ್ಸ್’. ಒಂದು ತಿಂಗಳಲ್ಲಿ ಮುಗಿದ ಈ ಯೋಜನೆಯಡಿ ಸುಮಾರು 6.77 ಲಕ್ಷ ಹಳೆಯ ವಾಹನಗಳು ರಸ್ತೆಯಿಂದ ಮರೆಯಾದವು. ಅದಕ್ಕೆ ಸುಮಾರು 285 ಕೋಟಿ ಡಾಲರ್ ಖರ್ಚಾಯಿತು. ಕುಸಿದ ವಾಹನೋದ್ಯಮಕ್ಕೆ ಆಸರೆ, ಇಂಧನದ ಉಳಿತಾಯ, ಹೊಗೆಯ ಇಳಿಕೆ ಈ ಮೂರನ್ನೂ ಒಂದೇ ಹಣದಿಂದ ಸಾಧಿಸುವುದು ಅದರ ಗುರಿಯಾಗಿತ್ತು.

ಹಿನ್ನೆಲೆ

ಹಳೆಯ ಕಾರಿಗೆ ಹಣ ಕೊಟ್ಟು ರಸ್ತೆಯಿಂದ ತೆಗೆಯುವ ಕ್ರಮ 2009ಕ್ಕಿಂತ ಹಳೆಯದು. 1990ರಲ್ಲಿ ಯೂನೊಕಾಲ್ ಎಂಬ ತೈಲ ಕಂಪನಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ 1971ಕ್ಕಿಂತ ಹಿಂದಿನ ಮಾದರಿಯ ಕಾರುಗಳನ್ನು ತಲಾ 700 ಡಾಲರ್ ಕೊಟ್ಟು ಕೊಂಡು ನಾಶಪಡಿಸಿತು. ಅಲ್ಲಿನ ಹೊಗೆಮಂಜು ಕಡಿಮೆ ಮಾಡುವುದು ಅದರ ಉದ್ದೇಶ. ಫ್ರಾನ್ಸ್ ಸರ್ಕಾರ 1994ರಲ್ಲಿ, ಪ್ರಧಾನಿ ಎದ್ವಾರ್ ಬಲಾದ್ಯೂರ್ ಅವರ ಕಾಲದಲ್ಲಿ, ಹತ್ತು ವರ್ಷ ದಾಟಿದ ಕಾರು ಬಿಟ್ಟು ಹೊಸದು ಕೊಳ್ಳುವವರಿಗೆ 5,000 ಫ್ರಾಂಕ್ ಕೊಟ್ಟಿತು. ಅಲ್ಲಿ ಮುಖ್ಯವಾಗಿ ಮಾರಾಟಕ್ಕೆ ಚುರುಕು ಮುಟ್ಟಿಸಬೇಕಿತ್ತು. ಗಾಳಿಗಾಗಿ ಒಂದು, ಮಾರುಕಟ್ಟೆಗಾಗಿ ಇನ್ನೊಂದು ಎಂಬ ಈ ಎರಡು ಉದ್ದೇಶಗಳು ಮುಂದೆ ಎಲ್ಲ ದೇಶಗಳ ಯೋಜನೆಗಳಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತವು.

2008ರ ಆರ್ಥಿಕ ಬಿಕ್ಕಟ್ಟು ಅಮೆರಿಕದ ಕಾರು ಮಾರಾಟವನ್ನು ನೆಲಕಚ್ಚಿಸಿತು. 2009ರ ಏಪ್ರಿಲ್ ಕೊನೆಯಲ್ಲಿ ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ಕಾಯ್ದೆಯ ರಕ್ಷಣೆ ಕೋರಿದವು. ಹಳೆಯ ಕಾರುಗಳನ್ನು ಸರ್ಕಾರವೇ ಕೊಂಡರೆ ಬಡವರ ಕೈಗೆ ಹಣ ಬರುತ್ತದೆ, ಹೊಗೆಯೂ ತಗ್ಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಅಲನ್ ಬ್ಲೈಂಡರ್ 2008ರ ಜುಲೈನಲ್ಲೇ ಬರೆದಿದ್ದರು. ಅಧ್ಯಕ್ಷ ಬರಾಕ್ ಒಬಾಮ 2009ರ ಜೂನ್ 24ರಂದು ಯೋಜನೆಗೆ ಸಹಿ ಹಾಕಿದರು. ಆದರೆ ಕಾಯ್ದೆಯಾಗಿ ಬಂದಾಗ ಅದು ಹೊಸ ಕಾರು ಕೊಳ್ಳಬಲ್ಲವರಿಗೆ ಮಾತ್ರ ದಕ್ಕುವಂತಾಯಿತು.

ನಿಯಮಗಳು

ಬಿಟ್ಟುಕೊಡುವ ವಾಹನ 25 ವರ್ಷದೊಳಗಿನದಾಗಿರಬೇಕಿತ್ತು; ಓಡುವ ಸ್ಥಿತಿಯಲ್ಲಿರಬೇಕಿತ್ತು; ಹಿಂದಿನ ಒಂದು ವರ್ಷ ಸತತವಾಗಿ ಅದೇ ಮಾಲೀಕರ ಹೆಸರಿನಲ್ಲಿ ನೋಂದಣಿ ಮತ್ತು ವಿಮೆ ಹೊಂದಿರಬೇಕಿತ್ತು. ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತ ಗಾಡಿಗೆ ಸರ್ಕಾರದ ಹಣ ಹೋಗದಂತೆ ಮಾಡಿದ ಎಚ್ಚರಿಕೆ ಇದು. ಕಾರಿನ ವಿಷಯದಲ್ಲಿ ಹಳೆಯದರ ಮೈಲೇಜ್ ಗ್ಯಾಲನ್‌ಗೆ 18 ಮೈಲಿ (ಲೀಟರಿಗೆ ಸುಮಾರು 7.7 ಕಿ.ಮೀ.) ಅಥವಾ ಅದಕ್ಕಿಂತ ಕಡಿಮೆ, ಹೊಸದರ ಮೈಲೇಜ್ ಕನಿಷ್ಠ 22 ಮೈಲಿ ಇರಬೇಕಿತ್ತು. ಹೊಸ ಕಾರು ಹಳೆಯದಕ್ಕಿಂತ 4 ಮೈಲಿ ಹೆಚ್ಚು ಕೊಟ್ಟರೆ 3,500 ಡಾಲರ್, 10 ಮೈಲಿ ಅಥವಾ ಅದಕ್ಕೂ ಹೆಚ್ಚು ಕೊಟ್ಟರೆ 4,500 ಡಾಲರ್ ಸಿಗುತ್ತಿತ್ತು. ವ್ಯಾನ್ ಮತ್ತು ಟ್ರಕ್‌ಗಳಿಗೆ ಸಡಿಲ ಮಾನದಂಡಗಳಿದ್ದವು. 45,000 ಡಾಲರ್‌ಗಿಂತ ದುಬಾರಿ ವಾಹನಗಳಿಗೆ ನೆರವು ಇರಲಿಲ್ಲ.

ಹಣ ನೇರವಾಗಿ ಗ್ರಾಹಕರ ಕೈಗೆ ಬರುತ್ತಿರಲಿಲ್ಲ. ಡೀಲರ್ ಬೆಲೆಯಲ್ಲಿ ಅಷ್ಟನ್ನು ಮುರಿದುಕೊಂಡು, ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷಾ ಆಡಳಿತದಿಂದ ಮರಳಿ ಪಡೆಯಬೇಕಿತ್ತು.

ಎಂಜಿನ್ ನಾಶ

ಹಳೆಯ ಕಾರು ಮತ್ತೆ ಮಾರುಕಟ್ಟೆಗೆ ಬಂದರೆ ಇಡೀ ಯೋಜನೆ ವ್ಯರ್ಥ. ಅದಕ್ಕಾಗಿ ಡೀಲರ್‌ಗಳೇ ಎಂಜಿನ್ ಕೆಡಿಸಬೇಕೆಂಬ ನಿಯಮವಿತ್ತು. ಎಂಜಿನ್ ಆಯಿಲ್ ಬಸಿದು, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಎಂಜಿನ್ ಓಡಿಸುತ್ತಿದ್ದರು. ಶಾಖಕ್ಕೆ ನೀರಿನಂಶ ಆರಿ, ಉಳಿದ ವಸ್ತು ಗಾಜಿನಂತೆ ಗಟ್ಟಿಯಾಗಿ ಬೇರಿಂಗುಗಳನ್ನು ಹಿಡಿಯುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಎಂಜಿನ್ ಸೀಜ್ ಆಗುತ್ತಿತ್ತು. ಬಾಗಿಲು, ಸೀಟು, ದೀಪಗಳಂಥ ಬಿಡಿಭಾಗಗಳನ್ನು ಮಾರಲು ಅವಕಾಶವಿತ್ತು. 180 ದಿನಗಳೊಳಗೆ ಉಳಿದ ಕಾರನ್ನು ಜಜ್ಜಬೇಕಿತ್ತು ಇಲ್ಲವೇ ಚೂರು ಮಾಡಬೇಕಿತ್ತು. ಅದೇ ವರ್ಷ ಜರ್ಮನಿಯಲ್ಲಿ ಇಂಥದ್ದೇ ಯೋಜನೆಯಡಿ ಗುಜರಿಗೆಂದು ಒಪ್ಪಿಸಿದ ಕೆಲವು ಕಾರುಗಳು ಕಳ್ಳಮಾರ್ಗದಲ್ಲಿ ಹೊರದೇಶಗಳಿಗೆ ಹೋದವೆಂಬ ದೂರುಗಳು ಎದ್ದವು. ಅಮೆರಿಕದ ಕಟ್ಟುನಿಟ್ಟಿನ ಬೆಲೆ ತಿಳಿಯುವುದು ಇದನ್ನು ನೋಡಿದಾಗ.

ಜಾರಿ ಮತ್ತು ಫಲ

ಅರ್ಜಿಗಳ ಸ್ವೀಕಾರ ಜುಲೈ 24ರಂದು ಆರಂಭವಾಯಿತು. ಮೊದಲು ಮೀಸಲಿಟ್ಟ 100 ಕೋಟಿ ಡಾಲರ್ ಒಂದು ವಾರದಲ್ಲೇ ಬರಿದಾಗುವ ಹಂತ ತಲುಪಿತು. ಸಂಸತ್ತು ಇನ್ನೂ 200 ಕೋಟಿ ಮಂಜೂರು ಮಾಡಿತು. ಆಗಸ್ಟ್ 24ಕ್ಕೆ ಯೋಜನೆಗೆ ತೆರೆ ಬಿತ್ತು. ಬಿಟ್ಟುಕೊಟ್ಟ ವಾಹನಗಳಲ್ಲಿ ಶೇ 84ರಷ್ಟು ಎಸ್‌ಯುವಿ, ವ್ಯಾನ್, ಪಿಕಪ್ ಸೇರಿದ ಟ್ರಕ್ ವರ್ಗದವು. ಕೊಂಡವುಗಳಲ್ಲಿ ಶೇ 59ರಷ್ಟು ಕಾರುಗಳು. ಅತಿ ಹೆಚ್ಚು ಗುಜರಿ ಸೇರಿದ್ದು ಫೋರ್ಡ್ ಎಕ್ಸ್‌ಪ್ಲೋರರ್; ಅತಿ ಹೆಚ್ಚು ಮಾರಾಟವಾದದ್ದು ಟೊಯೋಟಾ ಕೊರೊಲ್ಲಾ. ಸರಾಸರಿ ಮೈಲೇಜ್ 15.8 ಮೈಲಿಯಿಂದ 24.9 ಮೈಲಿಗೆ, ಅಂದರೆ ಲೀಟರಿಗೆ ಸುಮಾರು 6.7ರಿಂದ 10.6 ಕಿ.ಮೀ.ಗೆ ಏರಿತು.

ಮೌಲ್ಯಮಾಪನ

ಷೋರೂಂಗಳ ಜನಸಂದಣಿ ನಿಜವಾದದ್ದೇ. ಆದರೆ ಬಂದವರಲ್ಲಿ ಬಹುಮಂದಿ ಹೇಗಿದ್ದರೂ ಕಾರು ಕೊಳ್ಳುವವರೇ ಆಗಿದ್ದರು. ಅರ್ಥಶಾಸ್ತ್ರಜ್ಞರಾದ ಆತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಅವರ ಅಧ್ಯಯನದ ಪ್ರಕಾರ, ಯೋಜನೆಯಿಂದ ಹೆಚ್ಚಾದ ಮಾರಾಟವನ್ನು ಮುಂದಿನ ತಿಂಗಳುಗಳ ಇಳಿಕೆ 2010ರ ಮಾರ್ಚ್ ಹೊತ್ತಿಗೆ ಬಹುತೇಕ ನುಂಗಿಹಾಕಿತ್ತು. ಮಾರ್ಕ್ ಹೋಕ್‌ಸ್ಟ್ರಾ, ಸ್ಟೀವನ್ ಪುಲ್ಲರ್, ಜೆರೆಮಿ ವೆಸ್ಟ್ ಅವರ ಸಂಶೋಧನೆ ಇನ್ನೊಂದು ಸಂಗತಿ ತೋರಿಸಿತು: ಮೈಲೇಜ್ ಷರತ್ತಿನಿಂದಾಗಿ ಜನ ಚಿಕ್ಕ, ಅಗ್ಗದ ಕಾರುಗಳತ್ತ ವಾಲಿದ್ದರಿಂದ ಹೊಸ ವಾಹನಗಳ ಮೇಲಿನ ಒಟ್ಟು ವೆಚ್ಚ ತಗ್ಗಿತು. ಪರಿಸರಕ್ಕೆ ಒಳಿತಾದ ಷರತ್ತೇ ಉದ್ಯಮದ ವರಮಾನಕ್ಕೆ ಎದುರಾಯಿತು.

ಪರಿಸರದ ಲೆಕ್ಕದಲ್ಲೂ ಎಚ್ಚರ ಬೇಕು. ಹಳೆಯ ಕಾರು ಇನ್ನೆಷ್ಟು ವರ್ಷ, ಎಷ್ಟು ಕಿಲೋಮೀಟರ್ ಓಡುತ್ತಿತ್ತೋ ಅಷ್ಟರ ಹೊಗೆ ಮಾತ್ರ ಉಳಿತಾಯ. ಅದರಿಂದ ಹೊಸ ಕಾರಿನ ಹೊಗೆಯನ್ನೂ ಅದರ ಉಕ್ಕು, ಅಲ್ಯೂಮಿನಿಯಂ, ತಯಾರಿಕೆಗೆ ತಗುಲಿದ ಹೊಗೆಯನ್ನೂ ಕಳೆಯಬೇಕು. ಶಾಂಜುನ್ ಲಿ ಮತ್ತು ಸಹಲೇಖಕರ ಅಂದಾಜಿನಂತೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ತಪ್ಪಿಸಲು 92ರಿಂದ 288 ಡಾಲರ್ ತಗುಲಿತು. ಇದು ದುಬಾರಿ ದಾರಿ. ಜೊತೆಗೆ, ಲಕ್ಷಾಂತರ ಸೆಕೆಂಡ್ ಹ್ಯಾಂಡ್ ವಾಹನಗಳು ಒಮ್ಮೆಲೇ ಇಲ್ಲವಾದದ್ದು ಅವನ್ನೇ ನೆಚ್ಚಿದ ಕಡಿಮೆ ಆದಾಯದವರಿಗೆ ನೆರವಾಗಲಿಲ್ಲ.

ಇತರ ದೇಶಗಳು

ಜರ್ಮನಿ 2009ರಲ್ಲಿ ಒಂಬತ್ತು ವರ್ಷ ದಾಟಿದ ಕಾರಿಗೆ ಪ್ರತಿಯಾಗಿ 2,500 ಯೂರೊ ನೀಡಿತು; 500 ಕೋಟಿ ಯೂರೊ ವೆಚ್ಚದಲ್ಲಿ ಸುಮಾರು 20 ಲಕ್ಷ ಕಾರುಗಳು ಬದಲಾದವು. ಬ್ರಿಟನ್‌ನಲ್ಲಿ ಸಿಕ್ಕಿದ 2,000 ಪೌಂಡ್‌ಗಳಲ್ಲಿ ಅರ್ಧ ಸರ್ಕಾರದ್ದು, ಅರ್ಧ ಉದ್ಯಮದ್ದು.

ಭಾರತದ ಗುಜರಿ ನೀತಿ 2021ರ ಆಗಸ್ಟ್ 13ರಂದು ಚಾಲನೆ ಪಡೆಯಿತು. ಇದರಲ್ಲಿ ನೇರ ನಗದಿಲ್ಲ. ನೋಂದಾಯಿತ ಗುಜರಿ ಕೇಂದ್ರ ಕೊಡುವ ಪ್ರಮಾಣಪತ್ರ ತೋರಿಸಿದರೆ ಹೊಸ ವಾಹನದ ನೋಂದಣಿ ಶುಲ್ಕ ಮನ್ನಾ ಆಗುತ್ತದೆ. ರಸ್ತೆ ತೆರಿಗೆಯಲ್ಲಿ ಸ್ವಂತ ಬಳಕೆಯ ವಾಹನಕ್ಕೆ ಶೇ 25ರವರೆಗೆ, ಸಾರಿಗೆ ವಾಹನಕ್ಕೆ ಶೇ 15ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ 2023ರ ಏಪ್ರಿಲ್ 1ರಿಂದ ನಿಂತಿದೆ. ವಯಸ್ಸಿನ ಜೊತೆಗೆ ಎಫ್‌ಸಿ (ಅರ್ಹತಾ) ಪರೀಕ್ಷೆಯ ಮೂಲಕ ವಾಹನದ ನಿಜಸ್ಥಿತಿಯನ್ನೂ ಒರೆಗೆ ಹಚ್ಚುವುದು ಈ ನೀತಿಯ ಒಳ್ಳೆಯ ಅಂಶ.

ಅಮೆರಿಕದ ಅನುಭವ ಕಲಿಸುವ ಪಾಠ ಇದು: ಎಷ್ಟು ಹೊಸ ಕಾರು ಮಾರಾಟವಾದವು ಎಂಬುದು ಇಂಥ ಯೋಜನೆಯ ಅಳತೆಗೋಲಾಗಬಾರದು. ಎಷ್ಟು ಹೊಗೆ ತಪ್ಪಿತು, ಅದಕ್ಕೆ ಸಾರ್ವಜನಿಕರ ಎಷ್ಟು ಹಣ ತಗುಲಿತು ಎಂಬುದೇ ಅಳತೆಯಾಗಬೇಕು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಹಳೆಯ ಮನೆಕಾರಿಗಿಂತ, ಹಗಲಿರುಳು ದುಡಿಯುವ ಹಳೆಯ ಡೀಸೆಲ್ ಲಾರಿ, ಬಸ್ಸನ್ನು ಬದಲಿಸಲು ಅದರ ಮಾಲೀಕನಿಗೆ ಕೊಟ್ಟ ನೆರವು ಗಾಳಿಗೆ ಹೆಚ್ಚು ಉಪಕಾರಿ.